ತಾಯಿ ಚಿಟ್ಟೆ ಪರೀಕ್ಷೆ

ನನ್ನ ತಂಗಿ ಸರೋಜಳ ಜೀವ ಉಳಿಸಿದವಳು ನಾನು ಎಂದು ನಮ್ಮ ನೆಂಟರಿಷ್ಟರೆಲ್ಲ ಹೇಳುತ್ತಾರೆ. ಅದು ಸುಳ್ಳು. ಅವಳಿಗೆ ಆ ಕಾಯಿಲೆ ಬರಬಹುದು ಎಂಬುದು ಅವಳಿಗಿಂತ ಎಷ್ಟೋ ಮೊದಲೇ ನನಗೆ ಗೊತ್ತಿತ್ತು. ಹೇಳಲಿಲ್ಲ. ಹೇಳದೆ ಇದ್ದದ್ದಷ್ಟೇ ಆಗಿದ್ದರೆ ಹೇಗೋ — ಕೇಳಿದವರಿಗೆ ಅವಳ ಹೆಸರಿನಲ್ಲಿ ಒಂದು ಸುಳ್ಳನ್ನೂ ಹೇಳಿದೆ. ಆಮೇಲೆ ಅವಳು ಬದುಕಿಕೊಂಡಾಗ ಬಂದ ಹೊಗಳಿಕೆಯನ್ನು ಎರಡೂ ಕೈಯಲ್ಲಿ ಬಾಚಿಕೊಂಡೆ. ಅವಳು ಪ್ರೀತಿಯಿಂದ ಕೊಡಿಸಿದ ರೇಷ್ಮೆ ಸೀರೆಯನ್ನು ಉಟ್ಟು ಮದುವೆಮನೆಗಳಲ್ಲಿ ಓಡಾಡಿದೆ.

ಆದರೂ ಇದನ್ನು ಬರೆಯಲು ಕೂತಾಗ ಮನಸ್ಸಿನಲ್ಲಿ ಮೊದಲು ಏಳುವುದು ಅಳುವಲ್ಲ. ಸರೋಜ ಇದ್ದಾಳೆ. ಗೌರಿಬಿದನೂರಿನ ತನ್ನ ಮನೆಯಲ್ಲಿ ಈ ಹೊತ್ತಿಗೆ ಗಂಡನನ್ನು ಗದರುತ್ತಾ ಮುದ್ದೆ ತಿರುವುತ್ತಿರುತ್ತಾಳೆ. ಅದಕ್ಕೆ ನಾನು ಯಾರಿಗೆಲ್ಲ ಕೈಮುಗಿಯಬೇಕೋ — ಅವರಲ್ಲಿ ಅರ್ಧ ಜನರ ಹೆಸರೂ ನನಗೆ ಗೊತ್ತಿಲ್ಲ.

ನನ್ನ ಹೆಸರು ರತ್ನಮ್ಮ. ಊರು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ. ಅಪ್ಪ ಅಮ್ಮನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ನನ್ನ ಗಂಡ ಮನೆ ಅಳಿಯನಾಗಿ ಬಂದರು, ಸರೋಜಳನ್ನು ಗೌರಿಬಿದನೂರಿಗೆ ಕೊಟ್ಟರು. ಮನೆಯಲ್ಲಿ ಹಿಪ್ಪುನೇರಳೆ ತೋಟ, ಹುಳು, ಹಸು ಎಲ್ಲ ಇದ್ದರೂ ನಾನು ಬಹುಕಾಲ ಕೆಲಸ ಮಾಡಿದ್ದು ಶಿಡ್ಲಘಟ್ಟದ ಒಂದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ, ಮೈಕ್ರೋಸ್ಕೋಪಿನ ಮುಂದೆ. ಹುಳು ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಹೆಣ್ಣು ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು, ಒಂದು ತೊಟ್ಟು ರಸವನ್ನು ಗಾಜಿನ ಮೇಲೆ ಹಾಕಿ ನೋಡುತ್ತೇವೆ. ಗಂಟುರೋಗ ಎಂಬುದು ತಾಯಿಯಿಂದ ಮೊಟ್ಟೆಗೆ ಇಳಿಯುವ ಕಾಯಿಲೆ. ಆ ರಸದಲ್ಲಿ ಹೊಳೆಯುವ ಸಣ್ಣ ಸಣ್ಣ ಕಾಳುಗಳು ಕಂಡವೋ, ಆ ತಾಯಿ ಇಟ್ಟ ಮೊಟ್ಟೆಯನ್ನೆಲ್ಲ ಸುಟ್ಟುಬಿಡುವುದು. ಪಾಪ ಎಂದು ಉಳಿಸಿದರೆ ಯಾರದೋ ಮನೆಯ ಇಡೀ ಬೆಳೆ ಮಣ್ಣುಪಾಲು. ರತ್ನಮ್ಮ ನೋಡಿದ ಮೊಟ್ಟೆ ಎಂದರೆ ಕಣ್ಣುಮುಚ್ಚಿ ತರಬಹುದು ಎಂದು ನಮ್ಮ ಕಡೆ ಹೆಸರಿತ್ತು. ಆ ಹೆಸರು ಸ್ವಲ್ಪ ತಲೆಗೂ ಏರಿತ್ತು ಅನ್ನಿ. ಅಲ್ಪವಿದ್ಯೆ ಮಹಾಗರ್ವಿ.

ಅಮ್ಮನ ಹೊಟ್ಟೆ ಉಬ್ಬತೊಡಗಿದಾಗ ಗ್ಯಾಸು ಎಂದುಕೊಂಡೆವು. ಚಿಕ್ಕಬಳ್ಳಾಪುರದಲ್ಲಿ ತೋರಿಸಿದೆವು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಅಂಡಾಶಯದ ಕ್ಯಾನ್ಸರ್ ಎಂದರು. ಊರಿನವರಿಗೆ ‘ಹೊಟ್ಟೇಲಿ ನೀರು ತುಂಬೈತೆ’ ಎಂದಷ್ಟೇ ಹೇಳಿದೆವು. ಸರೋಜಳಿಗೆ ಮಾತ್ರ ನಿಜ ಗೊತ್ತಿತ್ತು; ಬಂದು, ಅಮ್ಮನ ತಲೆಗೂದಲು ಉದುರಿದ್ದು ನೋಡಿ ಅತ್ತು, ಕಾಲೊತ್ತಿ ಹೋಗುತ್ತಿದ್ದಳು. ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಇರುತ್ತಿದ್ದವಳು ನಾನೊಬ್ಬಳೇ.

ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಚಿಕ್ಕ ವಯಸ್ಸು, ಕೂತು ಮಾತಾಡುವ ತಾಳ್ಮೆ. ಒಂದು ದಿನ ಅಮ್ಮನ ಮಂಚದ ಮೇಲೇ ಕೂತು ಹೇಳಿದರು — ಮನುಷ್ಯರ ರಕ್ತದಲ್ಲಿ ತಾಯಿತಂದೆಯಿಂದ ಬಂದ ಜೀನು ಅಂತ ಇರುತ್ತದೆ, ಅದರಲ್ಲಿ ಕೆಲವು ಕೆಟ್ಟಿದ್ದರೆ ಈ ಕಾಯಿಲೆ ಬರುವುದು ಹೆಚ್ಚು, ಯಾವುದು ಕೆಟ್ಟಿದೆ ಎಂದು ತಿಳಿದರೆ ಅವರವರಿಗೆ ಒಗ್ಗುವ ಔಷಧಿಯನ್ನೇ ಕೊಡಬಹುದು. ತೊಂದರೆ ಏನೆಂದರೆ, ಇದುವರೆಗೆ ಪರೀಕ್ಷೆ ಮಾಡಿರುವುದೆಲ್ಲ ಹೆಚ್ಚಾಗಿ ಬೇರೆ ದೇಶದವರ ರಕ್ತವನ್ನು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳದು ಎಲ್ಲೂ ಇಲ್ಲ. ಹಾಗಾಗಿ ನಮ್ಮವರಲ್ಲಿ ಏನಾದರೂ ಬದಲಾವಣೆ ಕಂಡರೂ ಅದು ಕೆಟ್ಟದ್ದೋ, ಸುಮ್ಮನೆ ಇರುವುದೋ ಹೇಳಲು ಬರುವುದಿಲ್ಲ. ಅದಕ್ಕೇ ನಿಮ್ಮ ರಕ್ತ ಕೊಡುತ್ತೀರಾ, ಬೇಡವೆಂದರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ, ಎಂದು ಕೇಳಿದರು.

ಅಮ್ಮನ ತವರು ಬಾಗೇಪಲ್ಲಿ ಕಡೆ. ಮನಸ್ಸು ತುಂಬಿ ಬಂದಾಗ ಅವಳ ಬಾಯಲ್ಲಿ ತೆಲುಗೇ ಬರುವುದು. “ನಾದೇಮುಂದಮ್ಮಾ, ತೀಸ್ಕೋ” ಎಂದು ಕೈ ಚಾಚಿಬಿಟ್ಟಳು. ನನ್ನದೇನಿದೆ ತಾಯಿ, ತಗೋ. ಮನೆಗೆ ಬಂದವರಿಗೆ ಮಜ್ಜಿಗೆ ಕೊಡುವಾಗಲೂ ಅವಳು ಹೀಗೇ ಹೇಳುತ್ತಿದ್ದಳು.

ಪರೀಕ್ಷೆಯ ಫಲ ಬಂದಾಗ ಡಾಕ್ಟರಮ್ಮ ನನ್ನನ್ನು ಕರೆದು ಕೂರಿಸಿದರು. ಒಂದು ಬದಲಾವಣೆ ಸಿಕ್ಕಿದೆ. ಕೆಟ್ಟದ್ದೇ ಇರಬೇಕು ಎಂದು ಅನುಮಾನ, ಖಚಿತವಿಲ್ಲ, ಇಂಥದ್ದು ಇನ್ನೂ ನಾಲ್ಕು ಮನೆಗಳಲ್ಲಿ ಕಂಡರೆ ಗೊತ್ತಾಗುತ್ತದೆ. ನನಗೆ ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಕೇಳಿಸಿತು. ಆದರೆ ಮುಂದಿನ ಮಾತು ಮಾತ್ರ ಅವರು ಸ್ಪಷ್ಟವಾಗಿಯೇ ಹೇಳಿದ್ದರು — ಅಮ್ಮನಿಗೆ ಈ ಕಾಯಿಲೆ ಬಂದಿರುವುದರಿಂದ ನೀವಿಬ್ಬರೂ ಹುಷಾರಾಗಿರಬೇಕು, ನಿಮ್ಮ ರಕ್ತವನ್ನೂ ನೋಡೋಣ, ತಂಗಿಗೆ ಹೇಳಿ. ಇದ್ದರೆ ಮೊದಲೇ ಕಾಪಾಡಿಕೊಳ್ಳಲು ದಾರಿಗಳಿವೆ. ನಾವಾಗಿ ಅವರನ್ನು ಕರೆಯುವಂತಿಲ್ಲ, ನೀವೇ ಹೇಳಬೇಕು.

ದಾರಿಗಳಿವೆ ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ ಎಂದರಲ್ಲ, ಅಲ್ಲಿಗೇ ನನ್ನ ಬುದ್ಧಿ ನಿಂತುಬಿಟ್ಟಿತು. ತಾಯಿಯನ್ನು ನೋಡುತ್ತಾರೆ, ಕಾಯಿಲೆ ಸಿಕ್ಕಿದರೆ ಮೊಟ್ಟೆ ಸುಡುತ್ತಾರೆ — ನಾನು ಜನ್ಮವೆಲ್ಲ ಮಾಡಿದ ಕೆಲಸ ಅದೇ ತಾನೆ? ಇಲ್ಲಿ ಯಾರೂ ಬೆಂಕಿ ಹಚ್ಚುವುದಿಲ್ಲ, ಅಷ್ಟು ತಿಳಿವಳಿಕೆ ಇತ್ತು. ಆದರೆ ಆ ಮನೆಯ ಹೆಣ್ಣು ಬೇಡ ಎಂದು ನಾಲ್ಕು ಕಡೆ ಅಂದರೆ ಸುಟ್ಟಂತೆಯೇ ಅಲ್ಲವೇ? ಆಗ ನನ್ನ ಮಗಳು ಅನಿತಾಳಿಗೆ ಚಿಂತಾಮಣಿಯ ಒಂದು ಒಳ್ಳೆಯ ಮನೆಯಿಂದ ಸಂಬಂಧ ಕೂಡಿಬರುತ್ತಿತ್ತು. ಗಂಡಿನ ಕಡೆಯವರು ಅಮ್ಮನ ಆರೋಗ್ಯ ವಿಚಾರಿಸಿದಾಗಲೆಲ್ಲ ವಯಸ್ಸಾಯಿತಲ್ಲ ಎಂದು ಮಾತು ತೇಲಿಸುತ್ತಿದ್ದೆ.

ನಾನು ಮಾತ್ರ ರಕ್ತ ಕೊಟ್ಟೆ. ಯಾರಿಗೂ ಹೇಳದೆ, ಗಂಡನಿಗೂ ಹೇಳದೆ. ನನ್ನ ಮಗಳಿಗೆ ನನ್ನಿಂದ ಏನಾದರೂ ಇಳಿದಿದೆಯೋ ತಿಳಿಯಬೇಕಿತ್ತು. ಕೆಲವು ವಾರ ಬಿಟ್ಟು ಡಾಕ್ಟರಮ್ಮ ನಗುತ್ತಾ ಹೇಳಿದರು, ನಿಮಗೆ ಆ ಬದಲಾವಣೆ ಬಂದಿಲ್ಲ. ನಿಮ್ಮಿಂದ ನಿಮ್ಮ ಮಗಳಿಗೂ ಹೋಗಿರುವುದಿಲ್ಲ.

ಅವತ್ತು ನಾನು ಏನು ಮಾಡಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ — ಆಸ್ಪತ್ರೆಯ ಎದುರಿನ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆ. ಅಮ್ಮ ಮೇಲೆ ವಾರ್ಡಿನಲ್ಲಿ ಒಂದು ಲೋಟ ಗಂಜಿಯೂ ಇಳಿಯದೆ ಮಲಗಿದ್ದಳು. ನಾನು ದೋಸೆ ತಿಂದು, ಕಾಫಿ ಕುಡಿದು, ಒಂದು ಮೊಳ ಮಲ್ಲಿಗೆ ಮುಡಿದು ಒಳಗೆ ಬಂದೆ.

ಬಂದ ಮೇಲೆ ಡಾಕ್ಟರಮ್ಮ ಕೇಳಿದರು, “ತಂಗಿಯವರು ಯಾವಾಗ ಬರ್ತಾರೆ?”

“ಕೇಳ್ದೆ ಮೇಡಮ್. ಅವಳು ಒಲ್ಲೆ ಅಂದ್ಲು.”

ಕೇಳಿರಲೇ ಇಲ್ಲ. ಈ ಸುಳ್ಳಿಗೆ ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ, ನಾಲಿಗೆಯ ತುದಿಯಲ್ಲೇ ಇತ್ತು. ಡಾಕ್ಟರಮ್ಮನ ಮುಖ ಸಣ್ಣದಾಯಿತು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಲಿ ಎಂದರು.

ಅಮ್ಮನೂ ಕೇಳಿದಳು. “ಸರೋಜಂಗೆ ಹೇಳ್ದೇನೇ?” ಎಂದಳು. “ಹೇಳ್ದೆ ಕಣಮ್ಮ” ಎಂದೆ. ನೆಮ್ಮದಿಯಾಗಿ ಕಣ್ಣು ಮುಚ್ಚಿದಳು. ಅದಾದ ಮೇಲೆ ಅವಳು ಬಹಳ ದಿನ ಇರಲಿಲ್ಲ.

ಅಮ್ಮ ಹೋದ ವರ್ಷವೇ ಡಾಕ್ಟರಮ್ಮನ ತಂಡದವರು ನಮ್ಮ ಊರಿಗೂ ಬಂದರು. ಹಾಲಿನ ಡೇರಿಯ ಮುಂದೆ ಹೆಂಗಸರನ್ನು ಸೇರಿಸಿ, ಅಮ್ಮನ ಮುಂದೆ ಹೇಳಿದ್ದನ್ನೇ ಹೇಳಿದರು. ಹೆಂಗಸರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮೈಕ್ರೋಸ್ಕೋಪು ನೋಡುವವಳು ನಾನಿದ್ದೇನಲ್ಲ, ಎಲ್ಲರೂ ನನ್ನ ಕಡೆ ತಿರುಗಿದರು. “ರತ್ನಕ್ಕ, ನೀನೇ ಹೇಳು. ಕೊಡಬೋದಾ?”

ನಾನು ಕೊಡಬೇಡಿ ಎನ್ನಲಿಲ್ಲ. ಇಷ್ಟೇ ಹೇಳಿದೆ: “ನಾವು ತಾಯಿ ಚಿಟ್ಟೆ ನೋಡ್ತೀವಲ್ಲ, ಹಂಗೇ ಇದೂ.”

ಹುಳು ಸಾಕುವ ಊರು. ಮುಂದಿನದನ್ನು ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಒಬ್ಬಳು ಹಸು ಕರೆಯೋ ಹೊತ್ತಾಯಿತು ಎಂದೆದ್ದಳು, ಇನ್ನೊಬ್ಬಳು ಹುಳಕ್ಕೆ ಸೊಪ್ಪು ಹಾಕಬೇಕು ಎಂದಳು. ಸ್ವಲ್ಪ ಹೊತ್ತಿಗೆ ಕುರ್ಚಿಗಳೆಲ್ಲ ಖಾಲಿ. ಅವರಲ್ಲಿ ಯಾರಿಗೆ ಏನಿತ್ತೋ, ಯಾರು ಮೊದಲೇ ತಿಳಿದುಕೊಂಡು ಬದುಕಬಹುದಿತ್ತೋ — ಅದನ್ನು ನೆನೆದರೆ ಇವತ್ತಿಗೂ ಡೇರಿಯ ಮುಂದೆ ಹಾಯುವಾಗ ತಲೆ ತಗ್ಗಿಸುತ್ತೇನೆ.

ಅನಿತಾಳ ಮದುವೆ ಸುಸೂತ್ರವಾಗಿ ಆಯಿತು. ಸರೋಜಳೇ ಮುಂದೆ ನಿಂತು ಓಡಾಡಿದಳು. ಇನ್ನಾದರೂ ಹೇಳಬಹುದಿತ್ತು. ಆದರೆ ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂಬ ಮಾತು ಬರುತ್ತದಲ್ಲ... ಬರುತ್ತಾ ಬರುತ್ತಾ, ಅವಳಿಗೆ ಇಲ್ಲದೆಯೂ ಇರಬಹುದು, ಡಾಕ್ಟರೇ ಖಚಿತವಿಲ್ಲ ಎಂದಿದ್ದಾರೆ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಆಮೇಲೆ ಒಂದು ಮಧ್ಯಾಹ್ನ ಸರೋಜ ಫೋನು ಮಾಡಿದಳು. “ಅಕ್ಕ, ಯಾಕೋ ಸೀರೆ ಸೊಂಟಕ್ಕೆ ಬಿಗೀತೈತೆ ಕಣೇ. ಊಟ ಕಮ್ಮಿ ಮಾಡಿದ್ರೂ ಹೊಟ್ಟೆ ಬರ್ತೈತೆ” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ಸೊಪ್ಪಿನ ಕುಕ್ಕೆಯನ್ನು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತೆ.

ಅಮ್ಮನದೇ ಕಾಯಿಲೆ. ಅವಳ ಮೈದುನನಿಗೆ ಗೊತ್ತಿದ್ದ ಬೇರೊಂದು ಆಸ್ಪತ್ರೆಗೆ ಸೇರಿಸಿದರು, ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಅಲ್ಲಿಯೂ ಜೀನಿನ ಪರೀಕ್ಷೆ ಮಾಡಿಸಿದರು. ಬಂದ ಉತ್ತರ: ಒಂದು ಬದಲಾವಣೆ ಇದೆ, ಆದರೆ ಅದು ಎಂಥದ್ದು ಎಂದು ನಮ್ಮಲ್ಲಿ ಯಾವ ದಾಖಲೆಯೂ ಇಲ್ಲ. ಅದು ಕೆಟ್ಟದ್ದೇ ಎಂದು ಖಾತ್ರಿಯಾದರೆ ಒಂದು ಬಗೆಯ ಮಾತ್ರೆ ಇದೆ, ಕೀಮೋ ಮುಗಿದ ಮೇಲೆ ಕಾಯಿಲೆ ಮತ್ತೆ ಬರದಂತೆ ತಡೆಯಲು ಅದು ಇಂಥವರಿಗೆ ಚೆನ್ನಾಗಿ ಒಗ್ಗುತ್ತದೆ. ಗೊತ್ತಿಲ್ಲದೆ ಹೇಗೆ ಕೊಡುವುದು?

ಗೊತ್ತಿಲ್ಲ ಎಂಬ ಆ ಮಾತನ್ನು ಕೇಳುತ್ತಾ ಸರೋಜಳ ಪಕ್ಕದಲ್ಲಿ ನಾನು ಕೂತಿದ್ದೆ. ಬೋಳು ತಲೆಗೆ ಸೆರಗು ಹೊದ್ದುಕೊಂಡು ಕೂತಿದ್ದವಳು ಥೇಟು ಅಮ್ಮನ ಹಾಗೇ ಕಾಣುತ್ತಿದ್ದಳು. ಆಗ ನಾನು ಬಾಯಿ ಬಿಟ್ಟೆ. ಅಮ್ಮನ ರಕ್ತ ಬೆಂಗಳೂರಿನ ಇನ್ನೊಂದು ಆಸ್ಪತ್ರೆಯಲ್ಲಿದೆ, ಅಲ್ಲಿ ಸಂಶೋಧನೆ ಮಾಡುತ್ತಿದ್ದರು, ಕೇಳೋಣ ಎಂದೆ. ಅಷ್ಟನ್ನೇ ಹೇಳಿದೆ. ಉಳಿದದ್ದನ್ನು ನುಂಗಿಕೊಂಡೆ.

ಹಳೆಯ ಡಾಕ್ಟರಮ್ಮ ಇನ್ನೂ ಅಲ್ಲೇ ಇದ್ದರು. ನನ್ನನ್ನು ಗುರುತು ಹಿಡಿದರು. ಸರೋಜಳ ಕೈ ಹಿಡಿದುಕೊಂಡು, “ಕೊನೆಗೂ ಬಂದ್ರಲ್ಲಮ್ಮ, ಒಳ್ಳೇದಾಯ್ತು” ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನಾನು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡೆ. ಸರೋಜ ಅದನ್ನು ಉಪಚಾರದ ಮಾತು ಎಂದುಕೊಂಡು ನಕ್ಕಳು. ಡಾಕ್ಟರಮ್ಮ ನನ್ನ ಮುಖವನ್ನು ಒಮ್ಮೆ ನೋಡಿದರು, ಮತ್ತೆ ಆ ಮಾತು ಎತ್ತಲಿಲ್ಲ.

ಅಮ್ಮನಿಗೆ ಇದ್ದದ್ದೂ ಸರೋಜಳಿಗೆ ಇದ್ದದ್ದೂ ಒಂದೇ ಬದಲಾವಣೆ. ಅಷ್ಟರಿಂದಲೇ ಮುಗಿಯುತ್ತಿರಲಿಲ್ಲ. ಆದರೆ ಈ ನಡುವಿನ ವರ್ಷಗಳಲ್ಲಿ ನಮ್ಮ ಸುತ್ತಿನ ಊರುಗಳ ಬೇರೆ ಕೆಲವು ಮನೆಗಳಲ್ಲೂ ಅದೇ ಸಿಕ್ಕಿತ್ತಂತೆ. ಕಾಯಿಲೆ ಬಂದವರಲ್ಲಿ ಇತ್ತು, ಅದೇ ಮನೆಗಳಲ್ಲಿ ವಯಸ್ಸಾದರೂ ಗಟ್ಟಿಮುಟ್ಟಾಗಿದ್ದವರಲ್ಲಿ ಇರಲಿಲ್ಲ. ಹೀಗೆ ಒಂದೊಂದೇ ಮನೆಯನ್ನು ಸೇರಿಸಿ, ಇನ್ನೂ ಏನೇನೋ ಪರೀಕ್ಷೆ ಮಾಡಿ, ಇದು ಕೆಟ್ಟದ್ದೇ ಎಂದು ಅವರು ತೀರ್ಮಾನಕ್ಕೆ ಬಂದಿದ್ದರು. ಸರೋಜಳಿಗೆ ಆ ಮಾತ್ರೆ ಸಿಕ್ಕಿತು. ಈಗಲೂ ತಪಾಸಣೆಗೆ ಹೋಗುತ್ತಾಳೆ, ಪ್ರತಿ ಸಲವೂ ಚೆನ್ನಾಗಿದೆ ಎಂದು ಕಳಿಸುತ್ತಾರೆ.

ಆ ಮನೆಗಳು ಯಾರವು ಎಂದು ಕೇಳಿದೆ. ಹೇಳುವಂತಿಲ್ಲ ಎಂದರು. ಆಗಿನಿಂದ ನನಗೊಂದು ಚಾಳಿ ಹತ್ತಿದೆ. ಶಿಡ್ಲಘಟ್ಟದ ಬಸ್ಸಿನಲ್ಲಿ, ದಿಬ್ಬೂರಹಳ್ಳಿಯ ಕಡೆ ಹೋಗುವ ಹೆಂಗಸರು ಕಂಬಿ ಹಿಡಿದು ನಿಂತಿರುತ್ತಾರಲ್ಲ, ಅವರ ಕೈಗಳನ್ನೇ ನೋಡುತ್ತೇನೆ. ಬಳೆ ತುಂಬಿದ ಈ ಕೈಯಿಂದಲೇ ಆ ರಕ್ತ ಹೋಗಿತ್ತೇನೋ, ಬುರ್ಖಾದೊಳಗಿನ ಆ ಕೈಯಿಂದಲೋ. ನನ್ನಂಥ ಒಬ್ಬ ರತ್ನಮ್ಮ ಆ ಊರುಗಳಲ್ಲಿ ಇರಲಿಲ್ಲವಲ್ಲ, ಇದ್ದಿದ್ದರೂ ಅವಳ ಮಾತನ್ನು ಆ ಹೆಂಗಸರು ಕೇಳಲಿಲ್ಲವಲ್ಲ — ಆ ತಾಯಂದಿರ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ.

ಮನೆಯಲ್ಲಿ ಮಾತ್ರ ಕಥೆ ಬೇರೆಯಾಯಿತು. ಅಕ್ಕ ಅಮ್ಮನ ರಕ್ತದ ವಿಷಯ ನೆನಪಿಟ್ಟುಕೊಂಡಿದ್ದಕ್ಕೆ ನಾನು ಉಳಿದೆ ಎಂದು ಸರೋಜ ಕಂಡವರಿಗೆಲ್ಲ ಹೇಳಿದಳು. ಸೀರೆ ತಂದಳು. ಗೌರಿ ಹಬ್ಬಕ್ಕೆ ನಾನು ಕೊಟ್ಟ ಬಾಗಿನ ತೆಗೆದುಕೊಂಡು ನನ್ನ ಕಾಲಿಗೆ ಬಿದ್ದಾಗ, “ನೀನೇ ನಂಗೆ ಅಮ್ಮ ಕಣಕ್ಕ” ಎಂದಳು. ನಾನು ಅಕ್ಷತೆ ಹಾಕಿದೆ. ಇನ್ನೊಂದು ತಮಾಷೆ ಕೇಳಿ. ಸರೋಜಳ ವಿಷಯ ತಿಳಿದು ಚಿಂತಾಮಣಿಯ ಬೀಗಿತ್ತಿ ನೋಡಲು ಬಂದವರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ನಮ್ಮತ್ತೆಗೂ ಎದೇಲಿ ಇದೇ ಕಾಯಿಲೆ ಇತ್ತು ರತ್ನಮ್ಮ. ನೀವು ಹೆಣ್ಣು ಕೊಡಲ್ಲ ಅಂತೀರೇನೋ ಅಂತ ನಾವು ಬಾಯಿ ಬಿಡ್ಲಿಲ್ಲ.” ಯಾರಿಂದ ಬಚ್ಚಿಡಲು ನಾನು ತಂಗಿಯನ್ನು ಪಣಕ್ಕಿಟ್ಟೆನೋ ಅವರೂ ನನ್ನಿಂದ ಬಚ್ಚಿಟ್ಟಿದ್ದರು.

ಈ ವರ್ಷ ತಂಡದವರು ಮತ್ತೆ ಜಂಗಮಕೋಟೆಗೆ ಬರುತ್ತೇವೆ ಎಂದು ಹೇಳಿ ಕಳಿಸಿದರು. ಸರೋಜಳ ಮಗಳು ದಿವ್ಯ, ಚಿಕ್ಕಬಳ್ಳಾಪುರದಲ್ಲಿ ಟೀಚರು, ತನ್ನ ರಕ್ತವನ್ನು ಜಂಗಮಕೋಟೆಯಲ್ಲೇ ಕೊಡುತ್ತೇನೆ ಎಂದಳು. ಊರ ಹೆಂಗಸರ ಮುಂದೆ ಒಂದೆರಡು ಮಾತು ಆಡುತ್ತೀರಾ ಎಂದು ಡಾಕ್ಟರಮ್ಮ ಸರೋಜಳನ್ನು ಕೇಳಿದರೆ ಇವಳು, “ನಾನಲ್ಲ, ನಮ್ಮಕ್ಕ ಮಾತಾಡ್ಲಿ. ಉಳಿಸಿದೋಳು ಅವಳು” ಎಂದುಬಿಟ್ಟಿದ್ದಾಳೆ. ಅದೇ ಡೇರಿಯ ಮುಂದೆ, ಅದೇ ಹೆಂಗಸರ ಮುಂದೆ ನಾನು ಮಾತಾಡಬೇಕು. ಇನ್ನು ನುಂಗಿಕೊಳ್ಳಲು ನನ್ನ ಕೈಯಲ್ಲಾಗಲಿಲ್ಲ.

ತಂಡದವರು ಬರುವ ದಿನ ಬೆಳಿಗ್ಗೆಯೇ ತಾಯಿ ಮಗಳು ಮನೆಗೆ ಬಂದರು. ಹುಳು ಹಣ್ಣಾಗಿದ್ದವು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆರಿಸಿ ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಡಲೇಬೇಕು. ಸರೋಜ ಕೈಕಾಲು ತೊಳೆದು ನೇರ ಹುಳುಮನೆಗೆ ಬಂದು ನನ್ನೆದುರು ಕೂತಳು. ಬಿದಿರಿನ ಚಂದ್ರಿಕೆ ನಮ್ಮಿಬ್ಬರ ನಡುವೆ ಇತ್ತು. ನಾನು ಮುಖ ಎತ್ತದೆ ಎಲ್ಲ ಹೇಳಿದೆ. ಅಮ್ಮ ಕೇಳಿದ್ದು, ನಾನು ಹೇಳ್ದೆ ಎಂದದ್ದು. ಡಾಕ್ಟರಮ್ಮ ಕೇಳಿದ್ದು, ಅವಳು ಒಲ್ಲೆ ಅಂದ್ಲು ಎಂದದ್ದು. ನಾನು ಮಾತ್ರ ಕದ್ದು ಪರೀಕ್ಷೆ ಮಾಡಿಸಿಕೊಂಡದ್ದು.

ಅವಳ ಬೆರಳುಗಳು ನಿಲ್ಲಲಿಲ್ಲ. ಹುಳು ಆರಿಸುತ್ತಲೇ ಇದ್ದಳು. ಹಾಗೇ ಕೇಳಿದಳು:

“ನಿಂಗೆ ಇಲ್ಲ ಅಂದಾಗ ಸಂತೋಷ ಆಯ್ತಾ?”

ಸುಳ್ಳು ಹೇಳಬಹುದಿತ್ತು. “ಆಯ್ತು ಕಣೇ. ಹೋಟ್ಲಿಗೆ ಹೋಗಿ ಮಸಾಲೆ ದೋಸೆ ತಿಂದೆ” ಎಂದೆ.

ಅವಳು ತಲೆಯಾಡಿಸಿದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಮ್ಮಿಬ್ಬರಲ್ಲಿ ಬಾಯಿ ಜೋರು ಅವಳದೇ. ಆ ಚಂದ್ರಿಕೆ ತುಂಬುವವರೆಗೂ ಹುಳು ಆರಿಸಿದಳು. ಎದ್ದು ಕೈ ತೊಳೆಯುತ್ತಾ, ನನ್ನ ಕಡೆ ನೋಡದೆ, “ಅಲ್ಲಿ ಅವರಿಗೂ ಹಿಂಗೇ ಹೇಳು. ಏನೂ ಬಿಡಬೇಡ” ಎಂದಳು.

ಬಿಡಲಿಲ್ಲ. ಡೇರಿಯ ಮುಂದೆ ನಿಂತು ಹೇಳಿದೆ: “ಹೋದ ಸಲ ನಾನು ಹೇಳಿದ್ದು ತಪ್ಪು ಕಣ್ರಮ್ಮ. ನಾವು ಚಿಟ್ಟೆ ನೋಡೋದು ಮೊಟ್ಟೆ ಸುಡಕ್ಕೆ. ಇವರು ತಾಯಿನ ನೋಡೋದು ಮಕ್ಕಳನ್ನ ಉಳಿಸ್ಕೊಳಕ್ಕೆ. ಅದು ತಿಳೀದೆ ನಾನು ನನ್ನ ತಂಗಿನೇ ಬೆಂಕಿಗೆ ಇಟ್ಟಿದ್ದೆ.” ಉಳಿದದ್ದನ್ನೂ ಹೇಳಿದೆ. ಹಿಂದಿನ ಸಾಲಿನಲ್ಲಿ ಸರೋಜ ನೆಟ್ಟಗೆ ಕೂತಿದ್ದಳು. ಹೆಂಗಸರು ನನ್ನನ್ನು ನೋಡಿದರು, ತಿರುಗಿ ಅವಳನ್ನು ನೋಡಿದರು. ಮೊದಲು ಎದ್ದವಳು ದಿವ್ಯ. ಅವಳ ಹಿಂದೆ, ಹೋದ ಸಲ ಹಸು ಕರೆಯಬೇಕು ಎಂದು ಎದ್ದು ಹೋಗಿದ್ದವಳು. ಆಮೇಲೆ ಇನ್ನೂ ಕೆಲವರು. ಎಲ್ಲರೂ ಅಲ್ಲ.

ಸಂಜೆ ಸರೋಜ ಬಸ್ಸು ಹತ್ತಿದಳು. ಬರ್ತೀನಿ ಎಂದಳು, ಅಕ್ಕ ಎನ್ನಲಿಲ್ಲ. ಈಗ ಫೋನು ಮಾಡುವುದು ನಾನೇ. ಎತ್ತುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಅಷ್ಟಾದರೂ ದನಿ ಕೇಳುವುದಕ್ಕೆ ಅವಳು ಇದ್ದಾಳಲ್ಲ. ಕೊಡಿಸಿದ ಸೀರೆಯನ್ನು ತೊಳೆದು ಮಡಿಸಿಟ್ಟಿದ್ದೇನೆ. ಮತ್ತೆ ಉಡು ಎಂದು ಅವಳು ಹೇಳಿದರೆ ಉಡುತ್ತೇನೆ.

ದಿವ್ಯಳ ಪರೀಕ್ಷೆಯ ಫಲ ಮುಂದಿನ ವಾರ ಬರುತ್ತದೆ. ಇದ್ದರೂ ಈಗ ದಾರಿಗಳಿವೆ ಎಂದು ನನಗೆ ಗೊತ್ತು. ಅವತ್ತು ನಾನೂ ಆಸ್ಪತ್ರೆಗೆ ಹೋಗುತ್ತೇನೆ. ಆದರೆ ಡಾಕ್ಟರಮ್ಮನ ಮುಂದೆ ತಾಯಿ ಮಗಳು ಇಬ್ಬರೇ ಕೂರಲಿ, ಮೊದಲು ಅವರೇ ಕೇಳಲಿ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಕರೆದರೆ ಒಳಗೆ ಹೋಗುತ್ತೇನೆ.